ದರ್ಜೆಯ ಚೀಟಿ, ಬೆಲೆಯ ಚೀಟಿ: ಹಳೆಯ ಧ್ವನಿಮುದ್ರಿಕೆಗಳ ವ್ಯಾಪಾರದಲ್ಲಿ ಎಚ್ಚರ

ವಸ್ತಾರೆ, ಮೂಡಿಗೆರೆ, ಕಳಸದ ಸುತ್ತಿನ ಹಳೆಯ ತೋಟದ ಮನೆಗಳಲ್ಲಿ ಹಿಸ್ಸೆಯಾದಾಗ ಅಥವಾ ದುರಸ್ತಿ ನಡೆದಾಗ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳಲ್ಲಿ ಗ್ರಾಮಫೋನ್ ತಟ್ಟೆ, ಎಲ್‌ಪಿ, ಕ್ಯಾಸೆಟ್ಟು, ವಿಡಿಯೋ ಟೇಪುಗಳು ಅಪರೂಪವಲ್ಲ. ಹಿಂದೆ ಇವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿದ್ದವು. ವಿದೇಶಗಳ ಹರಾಜಿನ ಸುದ್ದಿ ಮನೆಮನೆಗೂ ತಲುಪುತ್ತಿರುವುದರಿಂದ ಮಾರುವವರ ನಿರೀಕ್ಷೆ ಹೆಚ್ಚಿದೆ. ಕೊಳ್ಳುವ ವರ್ತಕರ ಆಸೆಯೂ ಹೆಚ್ಚಿದೆ. ತಜ್ಞರಿಂದ ದರ್ಜೆ ನಿಗದಿ ಮಾಡಿಸಿ, ಮೊಹರಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿರಿಸಿದರೆ ಬೆಲೆ ಹಲವು ಪಟ್ಟಾಗುತ್ತದೆ ಎಂಬುದು ಪ್ರಚಲಿತವಾಗಿರುವ ನಂಬಿಕೆ. ದುಡಿಯುವ ಬಂಡವಾಳವನ್ನು ಈ ನಂಬಿಕೆಯ ಮೇಲೆ ತೊಡಗಿಸುವ ಮುನ್ನ ದರ್ಜೆ ಎಂದರೇನು, ಅದನ್ನು ಕೊಡುವವರು ಯಾರು ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಕಾಫಿ ನಾಡಿನ ವರ್ತಕರಿಗೆ ದರ್ಜೆಯ ವಿಚಾರ ಹೊಸದಲ್ಲ. ಪ್ಲಾಂಟೇಷನ್ ಎ ಎನ್ನಿಸಿಕೊಳ್ಳಬೇಕಾದರೆ ಬೀಜ 6.65 ಮಿಲಿಮೀಟರ್ ರಂಧ್ರದ ಜರಡಿಯ ಮೇಲೆ ನಿಲ್ಲಬೇಕು. ಆ ಜರಡಿಯನ್ನು ಯಾರು ಆಡಿಸಿದರೂ ಫಲ ಹೆಚ್ಚುಕಡಿಮೆ ಒಂದೇ. ಆದರೆ ಎ ದರ್ಜೆಯ ಬೆಲೆಯನ್ನು ಜರಡಿ ಹೇಳುವುದಿಲ್ಲ. ಅದನ್ನು ಮಾರುಕಟ್ಟೆ ಹೇಳುತ್ತದೆ. ಚೆರ್ರಿಯ ಔಟ್‌ಟರ್ನ್ ವಿಷಯದಲ್ಲಿ ಮಾತ್ರ ತಕರಾರು ಹಳೆಯದು. ಮಾದರಿ ತೆಗೆದು ಔಟ್‌ಟರ್ನ್ ನೋಡುವವನೇ ಕೊಳ್ಳುವವನಾದಾಗ ಬೆಳೆಗಾರನಿಗೆ ಸಂಶಯ ಬರುವುದು ಸಹಜ. ಬುದ್ಧಿವಂತನಾದವನು ಅದೇ ಮಾದರಿಯನ್ನು ಇನ್ನೊಂದು ಕಡೆಯೂ ತೋರಿಸುತ್ತಾನೆ. ಅಳೆಯುವವನಿಗೆ ವ್ಯವಹಾರದಲ್ಲಿ ಪಾಲಿರಬಾರದೆಂಬ ಈ ಸರಳ ನಿಯಮ ಸಂಗ್ರಹ ವಸ್ತುಗಳ ಜಾಗತಿಕ ಪೇಟೆಯಲ್ಲಿ ಎಷ್ಟರಮಟ್ಟಿಗೆ ಪಾಲನೆಯಾಗಿದೆ?

ಅಂಕ ಕೊಡುವ ಪದ್ಧತಿ ಆರಂಭವಾದದ್ದು ನಾಣ್ಯಗಳಿಂದ. ವಿಲಿಯಂ ಶೆಲ್ಡನ್ 1949ರಲ್ಲಿ 70 ಅಂಕಗಳ ಮಾನದಂಡವನ್ನು ಮುಂದಿಟ್ಟನು. 1986ರಲ್ಲಿ ಅಮೆರಿಕದ ಪಿಸಿಜಿಎಸ್ ಸಂಸ್ಥೆ ನಾಣ್ಯಗಳಿಗೆ ಅಂಕ ಕೊಟ್ಟು ಮೊಹರು ಮಾಡುವ ಸೇವೆಯನ್ನು ಆರಂಭಿಸಿತು. ದರ್ಜೆ ವಸ್ತುನಿಷ್ಠವೆಂಬ ಅದರ ಪ್ರಚಾರವನ್ನು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1990ರಲ್ಲಿಯೇ ಪ್ರಶ್ನಿಸಿತ್ತೆಂಬುದು ಗಮನಾರ್ಹ. ಬಳಿಕ ಪದ್ಧತಿ ಕ್ರೀಡಾಪಟುಗಳ ಕಾರ್ಡು, ಕಾಮಿಕ್ಸ್ ಪುಸ್ತಕಗಳಿಗೆ ಹಬ್ಬಿ, ಕೊನೆಗೆ ವಿಡಿಯೋ ಗೇಮ್‌ಗಳನ್ನು ತಲುಪಿತು.

ವಿಡಿಯೋ ಗೇಮ್‌ಗಳ ಪ್ರಕರಣವನ್ನು ಲೆಕ್ಕಪತ್ರ ಪರಿಶೀಲಿಸುವ ಕಣ್ಣಿನಿಂದ ನೋಡಬೇಕು. 2017ರಲ್ಲಿ ಬಿಚ್ಚದ ಸೂಪರ್ ಮಾರಿಯೋ ಬ್ರದರ್ಸ್ ಗೇಮ್ ಒಂದು ಸುಮಾರು 30 ಸಾವಿರ ಡಾಲರಿಗೆ ಮಾರಾಟವಾಗಿತ್ತು. ಆಗತಾನೇ ಹುಟ್ಟಿಕೊಂಡಿದ್ದ ವಾಟಾ ಗೇಮ್ಸ್ ಸಂಸ್ಥೆಯ ದರ್ಜೆ ಪಡೆದ ಇನ್ನೊಂದು ಪ್ರತಿ 2019ರ ಫೆಬ್ರವರಿಯಲ್ಲಿ 1,00,150 ಡಾಲರಿಗೆ ಹೋಯಿತು. ಕೊಂಡ ಮೂವರಲ್ಲಿ ಒಬ್ಬರು ಹೆರಿಟೇಜ್ ಆಕ್ಷನ್ಸ್ ಎಂಬ ಹರಾಜು ಸಂಸ್ಥೆಯ ಸಹ ಸಂಸ್ಥಾಪಕರು. ಆ ಬಳಿಕ ವಾಟಾ ದರ್ಜೆಯ ಗೇಮ್‌ಗಳ ದೊಡ್ಡ ಹರಾಜುಗಳೆಲ್ಲ ಬಹುಪಾಲು ನಡೆದದ್ದು ಆ ಸಂಸ್ಥೆಯಲ್ಲಿಯೇ. 2021ರ ಏಪ್ರಿಲ್‌ನಲ್ಲಿ ಬೆಲೆ 6.6 ಲಕ್ಷ ಡಾಲರು. ಅದೇ ಜುಲೈಯಲ್ಲಿ 9.8 ಅಂಕದ ಸೂಪರ್ ಮಾರಿಯೋ 64 ಗೇಮ್‌ಗೆ 15.6 ಲಕ್ಷ ಡಾಲರು, ಎಂದರೆ ಅಂದಿನ ವಿನಿಮಯ ದರದಲ್ಲಿ ಸುಮಾರು 11.5 ಕೋಟಿ ರೂಪಾಯಿ! 1996ರಲ್ಲಿ ಹೊರಬಂದ ಈ ಗೇಮ್ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಮರು ತಿಂಗಳು ರ‍್ಯಾಲಿ ಎಂಬ ಸಂಸ್ಥೆ, 2020ರಲ್ಲಿ 1.4 ಲಕ್ಷ ಡಾಲರಿಗೆ ಕೊಂಡು ಸಣ್ಣ ಹೂಡಿಕೆದಾರರಿಗೆ ಷೇರುಗಳಾಗಿ ಹಂಚಿದ್ದ ಗೇಮ್ ಒಂದನ್ನು 20 ಲಕ್ಷ ಡಾಲರಿಗೆ ಮಾರಿತು. ಕೊಂಡವರ ಹೆಸರು ಹೊರಬರಲಿಲ್ಲ.

ಪತ್ರಕರ್ತ ಕಾರ್ಲ್ ಜಾಬ್ಸ್ಟ್ 2021ರ ಆಗಸ್ಟ್‌ನಲ್ಲಿ ಈ ಸಂಬಂಧಗಳನ್ನು ಬಹಿರಂಗವಾಗಿ ಪ್ರಶ್ನಿಸಿದರು. 2022ರಲ್ಲಿ ಗ್ರಾಹಕರು ವಾಟಾ ವಿರುದ್ಧ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಬೆಲೆಯನ್ನು ಕೃತಕವಾಗಿ ಏರಿಸಿದ ಆರೋಪವನ್ನು ಎರಡೂ ಸಂಸ್ಥೆಗಳು ನಿರಾಕರಿಸಿವೆ. ಆರೋಪದ ಸತ್ಯಾಸತ್ಯ ಹೇಗೇ ಇರಲಿ, ಎರಡು ಸಂಗತಿಗಳು ವರ್ತಕರಿಗೆ ಸಾಕು. ವಸ್ತುವಿನ ಘೋಷಿತ ಬೆಲೆ ಏರಿದಂತೆ ದರ್ಜೆಯ ಶುಲ್ಕವೂ ಏರುತ್ತಿತ್ತು. ಯಾವ ದರ್ಜೆಯ ಎಷ್ಟು ಪ್ರತಿಗಳಿವೆ ಎಂಬ ಪಟ್ಟಿಯನ್ನು ಬೆಲೆ ಏರುತ್ತಿದ್ದ ವರ್ಷಗಳಲ್ಲಿ ಸಂಸ್ಥೆ ಪ್ರಕಟಿಸಿರಲಿಲ್ಲ. ಆವಕ ಎಷ್ಟೆಂದು ತಿಳಿಯದೆ ಮೆಣಸನ್ನು ಯಾವ ವರ್ತಕನೂ ದಾಸ್ತಾನು ಮಾಡುವುದಿಲ್ಲ.

ನಮ್ಮ ನಾಡಿನ ಧ್ವನಿಮುದ್ರಿಕೆಗಳ ವ್ಯಾಪಾರದಲ್ಲಿ ಸಾಮಾನ್ಯವಾಗಿ ಮಾರುವವನೇ ದರ್ಜೆ ಹೇಳುವವನು. ಅಮೆರಿಕದ ಗೋಲ್ಡ್‌ಮೈನ್ ಪತ್ರಿಕೆ ರೂಢಿಗೆ ತಂದ ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಎಂಬ ಶ್ರೇಣಿಯೇ ಇಲ್ಲಿಯೂ ಬಳಕೆಯಲ್ಲಿದೆ. ಹೊಸಬರು ಮೋಸಹೋಗುವುದು ಕೊನೆಯ ಶಬ್ದದಲ್ಲಿ: 'ಗುಡ್' ಎಂದರೆ ಗೀರುಬಿದ್ದು ಗರಗರ ಸದ್ದು ಮಾಡುವ ತಟ್ಟೆ ಎಂದೇ ಅರ್ಥ. ಮಲೆನಾಡಿನ ಸರಕಿಗಂತೂ ಮಳೆಗಾಲದ ತೇವ ದೊಡ್ಡ ಶತ್ರು. ಅರಗಿನಿಂದ ಮಾಡಿದ 78 ಸುತ್ತಿನ ತಟ್ಟೆಯ ಕಾಗದದ ಚೀಟಿಗೂ ಕ್ಯಾಸೆಟ್ಟಿನ ಟೇಪಿಗೂ ಬೂಷ್ಟು ಹಿಡಿಯುತ್ತದೆ. ಒಂದರ ಮೇಲೊಂದು ಮಲಗಿಸಿಟ್ಟ ಎಲ್‌ಪಿ ಬಾಗುತ್ತದೆ. ಕೊಳ್ಳುವ ಮುನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದು, ಸಾಧ್ಯವಾದರೆ ನುಡಿಸಿ ಕೇಳುವುದು, ಇದಕ್ಕಿಂತ ಉತ್ತಮ ಜರಡಿ ಇಲ್ಲ.

ನಿಜವಾದ ವಿರಳತೆ ಇಲ್ಲವೆಂದಲ್ಲ. ಪಾಶ್ಚಾತ್ಯ ದೇಶಗಳು 78 ಸುತ್ತಿನ ತಟ್ಟೆಗಳನ್ನು ಬಿಟ್ಟ ಮೇಲೆಯೂ 1960ರ ದಶಕದಲ್ಲಿ ಭಾರತದಲ್ಲಿ ಅವು ಅಚ್ಚಾಗುತ್ತಿದ್ದವು. ಆದ್ದರಿಂದಲೇ ಇಲ್ಲಿ ಅಚ್ಚಾದ ಬೀಟಲ್ಸ್ ತಂಡದ 78 ಸುತ್ತಿನ ತಟ್ಟೆಗಳನ್ನು ಲೋಕದ ಸಂಗ್ರಾಹಕರು ಹುಡುಕುತ್ತಾರೆ. 1902ರಲ್ಲಿ ಕೋಲ್ಕತ್ತದಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಆರಂಭದ ತಟ್ಟೆಯೊಂದು ಸವೆದಿದ್ದರೂ ಅದಕ್ಕೆ ಕೇಳುವವರಿದ್ದಾರೆ. ಇಂತಹ ಸರಕಿಗೆ ಬೆಲೆ ಬರುವುದು ಅದರಲ್ಲಿರುವ ಧ್ವನಿಯಿಂದ. ಪೆಟ್ಟಿಗೆಯ ಮೇಲಿನ ಅಂಕದಿಂದಲ್ಲ.

ಇನ್ನು ಲೆಕ್ಕಪತ್ರದ ಮಾತು. ಮಾರ್ಚ್ 31ರಂದು ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದರಲ್ಲಿಯೇ ತೋರಿಸಬೇಕು. ದೂರದ ಹರಾಜಿನ ಬೆಲೆಯನ್ನು ಬರೆದು ಬ್ಯಾಂಕಿಗೆ ದಾಸ್ತಾನು ಪಟ್ಟಿ ಕೊಡುವುದು ಅಪಾಯಕರ. ಬಳಸಿದ ವಸ್ತುಗಳ ನೋಂದಾಯಿತ ವರ್ತಕರು, ಖರೀದಿಯ ಮೇಲೆ ಇನ್‌ಪುಟ್ ತೆರಿಗೆಯ ಜಮೆ ಪಡೆಯದಿದ್ದಲ್ಲಿ, ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ಜಿಎಸ್‌ಟಿ ತೆರಲು ನಿಯಮ 32(5)ರಲ್ಲಿ ಅವಕಾಶವಿದೆ. ಕೊಂಡ ಬೆಲೆಗೆ ದಾಖಲೆ ಇರಬೇಕಷ್ಟೆ. ಒಂದು ಪೆಟ್ಟಿಗೆ ತಟ್ಟೆಗಳನ್ನು ಒಟ್ಟು ಮೊತ್ತಕ್ಕೆ ಕೊಂಡವರು ಅಂದೇ ಮನೆಯವರ ರುಜು ಪಡೆದು, ತಟ್ಟೆವಾರು ಪಟ್ಟಿ ಮಾಡಿ ಬೆಲೆ ಹಂಚಿಟ್ಟುಕೊಳ್ಳುವುದು ಒಳ್ಳೆಯದು. ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತುಗಳನ್ನು ಹೊರದೇಶಕ್ಕೆ ಕಳಿಸುವುದು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ವಿದೇಶದ ಗಿರಾಕಿಗೆ ಒಪ್ಪಿಗೆ ಕೊಡುವ ಮುನ್ನ ತಟ್ಟೆಯ ಕಾಲವನ್ನು ಖಚಿತಪಡಿಸಿಕೊಂಡು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಬೇಕು.