ಹಳೇ ಕಂಪ್ಯೂಟರಿನ ಕನ್ನಡ, ಮರಾಠಿ ಫೈಲ್‌ಗಳು ಹೊಸದಕ್ಕೆ: ಎಂಟು ತಪ್ಪು ಕಲ್ಪನೆಗಳು, ಎಂಟು ಸತ್ಯಗಳು

ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸಹಕಾರಿ ಸಂಘದ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಮಠದ ಪ್ರಕಟಣೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಡಿಟಿಪಿ ಸೆಂಟರ್ ಮತ್ತು ಪ್ರೆಸ್‌ಗಳ ಹಳೇ ಕಂಪ್ಯೂಟರುಗಳಲ್ಲಿ ಇರುವುದು ಇಂಥವೇ. ಒಂದೇ ಹಾಳೆಯಲ್ಲಿ ಮೇಲೆ ಕನ್ನಡ, ಕೆಳಗೆ ಮರಾಠಿ ಅಚ್ಚಾಗುವ ಊರುಗಳಿವು. ಹೀಗಾಗಿ ಹಳೇ ಯಂತ್ರದಿಂದ ಹೊಸದಕ್ಕೆ ಫೈಲ್ ಸಾಗಿಸುವುದು ಇಲ್ಲಿ ಬರೀ ಕಾಪಿ, ಪೇಸ್ಟ್ ಕೆಲಸವಲ್ಲ. ಸುತ್ತ ಹಬ್ಬಿರುವ ತಪ್ಪು ಕಲ್ಪನೆಗಳಿಂದಲೇ ಎಷ್ಟೋ ಒಳ್ಳೆಯ ಫೈಲ್‌ಗಳು ಕಸದ ಬುಟ್ಟಿ ಸೇರುತ್ತವೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ವಿಂಡೋಸ್ 10ರ ಬೆಂಬಲ ನಿಂತಿದೆ, ಇನ್ನು ಕಂಪ್ಯೂಟರ್ ನಡೆಯಲ್ಲ, ಫೈಲ್‌ಗಳೂ ಹೋಗುತ್ತವೆ.

ಸತ್ಯ: 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ನಿಲ್ಲಿಸಿದ್ದು ವಿಂಡೋಸ್ 10ಕ್ಕೆ ಉಚಿತವಾಗಿ ಕೊಡುತ್ತಿದ್ದ ಮಾಮೂಲಿ ಅಪ್‌ಡೇಟ್‌ಗಳನ್ನು. ಯಂತ್ರ ಎಂದಿನಂತೆ ಆನ್ ಆಗುತ್ತದೆ, ಫೈಲ್‌ಗಳು ಇದ್ದಲ್ಲೇ ಇರುತ್ತವೆ. ಅಪಾಯವಿರುವುದು ಅಂಥ ಯಂತ್ರವನ್ನು ಇಂಟರ್ನೆಟ್‌ಗೆ ಜೋಡಿಸಿ ಬ್ಯಾಂಕ್ ವ್ಯವಹಾರ ಮಾಡುವುದರಲ್ಲಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಅದು ಎಷ್ಟೋ ಹಳೇ ಯಂತ್ರಗಳಲ್ಲಿ ಇಲ್ಲ. ಹೊಸ ಕಂಪ್ಯೂಟರ್ ಕೊಳ್ಳುವುದಾದರೆ ಹಳೆಯದು ಚೆನ್ನಾಗಿ ನಡೆಯುತ್ತಿರುವಾಗಲೇ ಸಾಗಣೆ ಮುಗಿಸಿಕೊಳ್ಳಿ.

ತಪ್ಪು ಕಲ್ಪನೆ 2: ಹೊಸ ಕಂಪ್ಯೂಟರಿನಲ್ಲಿ ಅಕ್ಷರ ಕಲಸುಮೇಲೋಗರವಾಗಿ ಕಂಡರೆ ಫೈಲ್ ಕೆಟ್ಟಿದೆ, ವೈರಸ್ ಹೊಕ್ಕಿದೆ.

ಸತ್ಯ: ಬಹುಪಾಲು ಸಂದರ್ಭದಲ್ಲಿ ಫೈಲ್ ಗಟ್ಟಿಯಾಗಿಯೇ ಇರುತ್ತದೆ. ಇಲ್ಲದಿರುವುದು ಫಾಂಟ್ ಮಾತ್ರ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರದ ನೆರವಿನಿಂದ ರೂಪಿಸಿದ ನುಡಿ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಇವುಗಳ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಕನ್ನಡ ಅಕ್ಷರ ಕೂರುವುದಿಲ್ಲ. ಅಲ್ಲಿ ಕೂರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ಬಿಡಿಸಿ ತೋರಿಸುವುದು ಫಾಂಟ್.

ನುಡಿಯ ಹಳೇ ಫೈಲಿನಲ್ಲಿ ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಒಳಗಿರುವುದು ಏಳು ಗುರುತು: ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಮತ್ತೆ ಗೀಟಿನ ಎ. ಫಾಂಟ್ ಇಲ್ಲದ ಯಂತ್ರದಲ್ಲಿ ಇವೇ ಕಣ್ಣಿಗೆ ಬೀಳುತ್ತವೆ. ಹಳೇ ಕಂಪ್ಯೂಟರಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ. ಅಲ್ಲಿಂದ ನುಡಿ, ಬರಹದ ಬಿಆರ್‌ಎಚ್, ಶ್ರೀಲಿಪಿ ಫಾಂಟ್‌ಗಳನ್ನು ತಂದು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿದರೆ ಓದಲು ಬರುತ್ತದೆ. ಫೈಲ್‌ಗಿಂತ ಮೊದಲು ಫಾಂಟ್ ಸಾಗಿಸಿ. ‘ಕೆಟ್ಟಿದೆ’ ಎಂದು ಯಾವ ಫೈಲನ್ನೂ ಅಳಿಸಬೇಡಿ.

ತಪ್ಪು ಕಲ್ಪನೆ 3: ಫಾಂಟ್ ಬದಲಿಸಿ ತುಂಗಾ ಅಥವಾ ನಿರ್ಮಲಾ ಕೊಟ್ಟರೆ ಯೂನಿಕೋಡ್ ಆಗುತ್ತದೆ.

ಸತ್ಯ: ಆಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಸಿಕ್ಕಿತು. ಅದರಲ್ಲಿ ‘ಕನ್ನಡ’ ಎಂದರೆ ಕ, ನ, ಒತ್ತು ಮೂಡಿಸುವ ವಿರಾಮ, ನ, ಡ, ಒಟ್ಟು ಐದೇ ಸಂಕೇತ. ಹಳೇ ಏಳು ಗುರುತುಗಳನ್ನು ಈ ಐದಕ್ಕೆ ತರಲು ಪರಿವರ್ತಕ ಬೇಕು. ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಅದು ಇದೆ. ನಿಮ್ಮ ಫೈಲ್ ಯಾವ ಬಗೆಯದು ಎಂದು ತಿಳಿಯುವ ಸುಲಭ ದಾರಿ: ಒಂದು ಸಾಲು ಕಾಪಿ ಮಾಡಿ ಮೊಬೈಲಿನ ವಾಟ್ಸಾಪ್‌ಗೆ ಕಳಿಸಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್. ಇಂಗ್ಲಿಷ್ ಗುರುತುಗಳು ಬಂದರೆ ಪರಿವರ್ತನೆ ಬಾಕಿ ಇದೆ.

ತಪ್ಪು ಕಲ್ಪನೆ 4: ಪರಿವರ್ತಕಕ್ಕೆ ಹಾಕಿದ ಮೇಲೆ ಮತ್ತೆ ನೋಡುವ ಅಗತ್ಯವಿಲ್ಲ.

ಸತ್ಯ: ನಮ್ಮ ಗಡಿಭಾಗದಲ್ಲಿ ಅತಿ ಹೆಚ್ಚು ಎಚ್ಚರ ಬೇಕಿರುವುದು ಇಲ್ಲಿಯೇ. ಕನ್ನಡದ ಪರಿವರ್ತಕಕ್ಕೆ ಹಳೇ ಮರಾಠಿ ಫಾಂಟಿನ ಸಂಕೇತ ತಿಳಿಯದು. ಇಡೀ ಹ್ಯಾಂಡ್‌ಬಿಲ್ ಒಟ್ಟಿಗೆ ಹಾಕಿದರೆ ಮರಾಠಿ ಭಾಗವೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೊರಬರುತ್ತದೆ. ನಡುವೆ ಇರುವ ಇಂಗ್ಲಿಷ್ ಪದಗಳಿಗೂ ಅದೇ ಗತಿ. ಕನ್ನಡ, ಮರಾಠಿ, ಇಂಗ್ಲಿಷ್ ಭಾಗಗಳನ್ನು ಬೇರೆ ಮಾಡಿ, ಮರಾಠಿಗೆ ದೇವನಾಗರಿ ಪರಿವರ್ತಕವನ್ನೇ ಬಳಸಿ.

ಅರ್ಕಾವೊತ್ತನ್ನು ಬೇರೆಯಾಗಿಯೇ ನೋಡಬೇಕು. ಹಳೇ ಕ್ರಮದಲ್ಲಿ ಅದರ ಗುರುತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ’ ಮೊದಲು ಬರುತ್ತದೆ. ಧರ್ಮ, ಕಾರ್ಯದರ್ಶಿ, ಕರ್ನಾಟಕ ಇಂಥ ಪದಗಳು ತಿರುವುಮುರುವಾಗುವುದು ಇದರಿಂದ. ಹೆಸರು, ಊರು, ಮೊತ್ತ, ದಿನಾಂಕ ಇರುವ ಸಾಲುಗಳನ್ನು ಹಳೇ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಓದಿ. ಸಂಘದ ಸದಸ್ಯರ ಪಟ್ಟಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಅದನ್ನು ಸರಿಪಡಿಸಲು ಆ ಸದಸ್ಯರೇ ಅಲೆಯಬೇಕಾಗುತ್ತದೆ.

ತಪ್ಪು ಕಲ್ಪನೆ 5: ಪೇಜ್‌ಮೇಕರ್ ಫೈಲೊಂದನ್ನು ತಂದರೆ ಡಿಸೈನ್ ಪೂರ್ತಿ ಬಂದಂತೆ.

ಸತ್ಯ: ಪೇಜ್‌ಮೇಕರ್‌ನಲ್ಲಿ ಇಟ್ಟ ದೊಡ್ಡ ಫೋಟೋಗಳು ಸಾಮಾನ್ಯವಾಗಿ ಫೈಲಿನೊಳಗೆ ಇರುವುದಿಲ್ಲ. ಅಲ್ಲಿರುವುದು ಲಿಂಕ್ ಮಾತ್ರ. ಫೋಟೋ ಇರುವ ಫೋಲ್ಡರ್ ಬಿಟ್ಟು ಬಂದರೆ ಪುಟದಲ್ಲಿ ಮಸುಕು ಚಿತ್ರವಷ್ಟೇ ಉಳಿಯುತ್ತದೆ. ಹಳೇ ಯಂತ್ರದಲ್ಲೇ ‘ಸೇವ್ ಆ್ಯಸ್’ ತೆರೆದು, ಲಿಂಕ್ ಆದ ಎಲ್ಲ ಫೈಲ್‌ಗಳನ್ನೂ ಕಾಪಿ ಮಾಡುವ ಆಯ್ಕೆ ಕೊಟ್ಟು ಹೊಸ ಫೋಲ್ಡರಿಗೆ ಉಳಿಸಿ. ಇನ್ನೊಂದು ಮಾತು: ಪೇಜ್‌ಮೇಕರ್ ಫೈಲನ್ನು ತೆರೆಯಬಲ್ಲ ಕೊನೆಯ ಇನ್‌ಡಿಸೈನ್ 2012ರ ಸಿಎಸ್6. ಅದರ ನಂತರದವು ತೆರೆಯುವುದಿಲ್ಲ. ಆದ್ದರಿಂದ ಪೇಜ್‌ಮೇಕರ್ ನಡೆಯುತ್ತಿರುವಾಗಲೇ ಮುಖ್ಯ ಕೆಲಸಗಳನ್ನು ಪಿಡಿಎಫ್ ಆಗಿಯೂ ತೆಗೆದಿಡಿ.

ತಪ್ಪು ಕಲ್ಪನೆ 6: ಪಿಡಿಎಫ್ ಮಾಡಿಟ್ಟರೆ ಎಲ್ಲವೂ ಮುಗಿಯಿತು.

ಸತ್ಯ: ಫಾಂಟ್ ಒಳಗೆ ಸೇರಿಸಿದ ಪಿಡಿಎಫ್ ಎಲ್ಲಿ ತೆರೆದರೂ ಹಾಗೆಯೇ ಕಾಣುತ್ತದೆ. ಮತ್ತೆ ಅಚ್ಚು ಹಾಕಲು ಅದು ಒಳ್ಳೆಯದು. ಆದರೆ ಹಳೇ ಫಾಂಟಿನಿಂದ ಮಾಡಿದ ಪಿಡಿಎಫ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಕಾಪಿ ಮಾಡಿದರೆ ಮತ್ತೆ ಅದೇ ಗುರುತುಗಳು. ರೂಪಕ್ಕೆ ಪಿಡಿಎಫ್, ಬರವಣಿಗೆಗೆ ಯೂನಿಕೋಡ್ ಫೈಲ್, ಎರಡನ್ನೂ ಇಟ್ಟುಕೊಳ್ಳಿ.

ತಪ್ಪು ಕಲ್ಪನೆ 7: ಹಳೇ ಕಂಪ್ಯೂಟರ್ ಆನ್ ಆಗುತ್ತಿಲ್ಲ, ಹಳೇ ಪ್ರೋಗ್ರಾಂ ನಡೆಯುತ್ತಿಲ್ಲ, ಹಾಗಾದರೆ ಡೇಟಾ ಹೋಯಿತು.

ಸತ್ಯ: ಮದರ್‌ಬೋರ್ಡ್ ಅಥವಾ ಪವರ್ ಸಪ್ಲೈ ಕೆಟ್ಟರೆ ಹಾರ್ಡ್ ಡಿಸ್ಕ್ ಕೆಟ್ಟಂತಲ್ಲ. ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಹೊಸ ಕಂಪ್ಯೂಟರಿಗೆ ಜೋಡಿಸಿದರೆ ಫೈಲ್‌ಗಳು ಸಿಗುತ್ತವೆ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ ಮಾತ್ರ ತಕ್ಷಣ ನಿಲ್ಲಿಸಿ, ಬಲ್ಲವರ ಕೈಗೆ ಕೊಡಿ. ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಂಗಳು ವಿಂಡೋಸ್ 11ರಲ್ಲಿ ನೇರವಾಗಿ ನಡೆಯುವುದಿಲ್ಲ, ನಿಜ. ಆದರೆ ಅಂಥ ಪ್ರೋಗ್ರಾಂಗಳು ಲೆಕ್ಕ ಇಟ್ಟಿರುವ ಫಾಕ್ಸ್‌ಪ್ರೊದ ಡಿಬಿಎಫ್ ಫೈಲ್‌ಗಳನ್ನು ಎಕ್ಸೆಲ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಬಹುದು. ಪ್ರೋಗ್ರಾಂ ಹೋದರೂ ಲೆಕ್ಕ ಉಳಿಯುತ್ತದೆ.

ತಪ್ಪು ಕಲ್ಪನೆ 8: ಪೆನ್‌ಡ್ರೈವ್‌ನಲ್ಲಿ ಒಂದು ಕಾಪಿ ಇದೆ, ಹಳೇ ಯಂತ್ರ ಗುಜರಿಗೆ ಕೊಡಬಹುದು.

ಸತ್ಯ: ಪೆನ್‌ಡ್ರೈವ್ ಇರುವುದು ಒಯ್ಯಲು, ವರ್ಷಗಟ್ಟಲೆ ಕಾಪಾಡಲು ಅಲ್ಲ. ಮುಖ್ಯ ಫೈಲ್‌ಗಳ ಮೂರು ಪ್ರತಿ ಇರಲಿ: ಹೊಸ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಒಂದು. ಬೇರೆ ಊರು ಏಕೆ ಎಂಬುದನ್ನು ಕೃಷ್ಣೆಯ ದಂಡೆಯ ಯಡೂರ, ಕುಡಚಿ, ಜುಗುಳದವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೆರೆ ಈ ತಾಲ್ಲೂಕುಗಳಲ್ಲಿ ಮನೆ, ಅಂಗಡಿಗಳಿಗೆ ನುಗ್ಗಿತು. ಒಂದೇ ಕಪಾಟಿನಲ್ಲಿಟ್ಟ ಮೂರು ಪ್ರತಿಯೂ ಒಟ್ಟಿಗೇ ನೆನೆಯುತ್ತವೆ. ನೆನೆದ ಡಿಸ್ಕನ್ನು ಬಿಸಿಲಲ್ಲಿ ಒಣಗಿಸಿ ಆನ್ ಮಾಡಬೇಡಿ, ಡೇಟಾ ಮರಳಿ ತೆಗೆಯುವವರಿಗೆ ಹಾಗೆಯೇ ಒಯ್ಯಿರಿ.

ಗುಜರಿಗೆ ಕೊಡುವ ಮಾತು ಕೊನೆಯದು. ಡಿಲೀಟ್ ಮಾಡಿದ್ದು ಡಿಸ್ಕ್‌ನಿಂದ ಪೂರ್ತಿ ಅಳಿಯುವುದಿಲ್ಲ. ಜೆರಾಕ್ಸ್ ಅಂಗಡಿ, ಸೇವಾ ಕೇಂದ್ರಗಳ ಕಂಪ್ಯೂಟರಿನಲ್ಲಿ ಜನರ ಆಧಾರ್, ಪಾಸ್‌ಬುಕ್, ಉತಾರದ ಪ್ರತಿಗಳಿರುತ್ತವೆ. ಡಿಸ್ಕನ್ನು ಪೂರ್ಣ ಅಳಿಸುವ ತಂತ್ರಾಂಶದಿಂದ ಒರೆಸಿ, ಇಲ್ಲವೇ ಡಿಸ್ಕನ್ನು ಬಿಚ್ಚಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ.

ಹಳೆಯದನ್ನು ಅವಸರದಲ್ಲಿ ಅಳಿಸಬಾರದು ಎಂಬ ಮಾತು ಸಹಕಾರಿ ಸಂಘಗಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂದರೆ ಹಳೇ ಲೆಡ್ಜರ್, ಹಳೇ ಫೈಲ್‌ಗಳಲ್ಲಿದ್ದ ರೈತರ ಸಾಲ, ಷೇರು, ಠೇವಣಿಯ ಲೆಕ್ಕ ಹೊಸ ತಂತ್ರಾಂಶಕ್ಕೆ ಸೇರಬೇಕು. ಹಳೆಯ ಮೊತ್ತ, ಹೊಸ ಮೊತ್ತ ತಾಳೆಯಾಗಿ ಆಡಿಟ್ ಮುಗಿಯುವವರೆಗೆ ಮೂಲ ದಾಖಲೆಯನ್ನು ಯಾರೂ ಮುಟ್ಟಬಾರದು.

ಪರದೆಯ ಮೇಲೆ ಕಾಪಿ ಶೇಕಡಾ ನೂರಕ್ಕೆ ತಲುಪಿದಾಗ ಸಾಗಣೆ ಮುಗಿಯುವುದಿಲ್ಲ. ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು, ಓದಿ, ಹಳೆಯದರೊಂದಿಗೆ ತಾಳೆ ನೋಡಿದಾಗಲೇ ಮುಗಿಯುವುದು. ಈ ವಾರವೇ ಹಳೇ ಯಂತ್ರ ಆನ್ ಮಾಡಿ, ಮೊದಲು ಫಾಂಟ್‌ಗಳನ್ನು ಒಂದು ಫೋಲ್ಡರಿಗೆ ತೆಗೆದಿಡಿ. ಉಳಿದ ಕೆಲಸ ಅಲ್ಲಿಂದ ಶುರುವಾಗಲಿ.