ನಾಣ್ಯ ಬಿದ್ದರೆ ಆಟ

ಸೂಪಾ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರಿಗೆ ಪುನರ್ವಸತಿಯಾಗಿ ಬೆಳೆದ ಊರು ಜೋಯಿಡಾ ತಾಲೂಕಿನ ರಾಮನಗರ. ಈಚೆಗೆ ಅಲ್ಲಿಯ ಭಕ್ತರೊಬ್ಬರ ಮನೆಗೆ ನಾವು ಪ್ರಸಾದಕ್ಕೆ ಹೋಗಿದ್ದಾಗ, ಪಡಸಾಲೆಯಲ್ಲಿ ಆಳೆತ್ತರದ ಮರದ ಪೆಟ್ಟಿಗೆಯೊಂದು ನಿಂತಿತ್ತು. ಹಿರಿಯ ಮಗನು ತಾನೇ ಹಲಗೆ ಕೊಯ್ದು, ಹಳೆಯ ಕಂಪ್ಯೂಟರನ್ನು ಒಳಗಿರಿಸಿ ಕಟ್ಟಿದ ವಿಡಿಯೋ ಗೇಮ್ ಯಂತ್ರವದು. ಓಣಿಯ ಮಕ್ಕಳೆಲ್ಲ ಅದರ ಮುಂದೆ ನೆರೆಯುತ್ತಿದ್ದರು. ಹಿಡಿಕೆ ಹಿಡಿದವನು ಬಿಡನು, ಕಾಯುವವನು ಸುಮ್ಮನಿರನು. ಸರದಿ ನಿಲ್ಲಲೆಂದು ಹುಡುಗನು ನಾಣ್ಯದ ಸಾಧನವೊಂದನ್ನು ತರಿಸಿ ಜೋಡಿಸಿದ್ದನು.

“ಶಾಸ್ತ್ರಿಗಳ, ಮನಿಗೆ ಬಂದ ಹುಡುಗೂರ ಕಡೆ ರೊಕ್ಕ ಇಸ್ಕೊಳ್ಳೋದು ಛಂದೇನ್ರಿ?” ಎಂದು ತಾಯಿಯವರು ನಮ್ಮನ್ನೇ ಕೇಳಿದರು.

ಈ ಉಪಾಯ ಹೊಸತಲ್ಲ. ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಪಂಡಿತನು ದೇಗುಲದ ತೀರ್ಥಕ್ಕೆ ಇಂಥದೇ ಯಂತ್ರವನ್ನು ವರ್ಣಿಸಿದ್ದಾನೆ. ಬಿದ್ದ ನಾಣ್ಯದ ಭಾರಕ್ಕೆ ಸನ್ನೆಯೊಂದು ಬಾಗಿ ಮುಚ್ಚಳ ತೆರೆಯುವುದು. ನಾಣ್ಯ ಜಾರಿದೊಡನೆ ನೀರು ನಿಲ್ಲುವುದು. ನಮ್ಮ ರೈಲು ನಿಲ್ದಾಣಗಳ ತೂಕದ ಯಂತ್ರವೂ ಅದೇ ಕುಲದ್ದು. ಅದರ ಚೀಟಿಯಲ್ಲಿ ತೂಕಕ್ಕಿಂತ ಮೊದಲು ಭವಿಷ್ಯವನ್ನೇ ಓದುತ್ತಿದ್ದೆವೆಂದು ಒಪ್ಪಿಕೊಳ್ಳಬೇಕು.

ರಾಮನಗರದ ಸಾಧನದೊಳಗೆ ಮಾದರಿಯಾಗಿ ಒಂದು ನಾಣ್ಯವನ್ನು ಸಿಕ್ಕಿಸಲಾಗಿತ್ತು. ಹಾಕಿದ ನಾಣ್ಯವು ತಂತಿಯ ಸುರುಳಿಗಳ ನಡುವೆ ಹಾಯುವಾಗ ಗಾತ್ರದಲ್ಲಿಯೂ ಲೋಹದಲ್ಲಿಯೂ ಮಾದರಿಗೆ ಹೊಂದಿದರೆ, ವಿದ್ಯುತ್ ಸಂಕೇತ ಹೊರಟು ಒಂದು ಆಟ ಜಮೆಯಾಗುತ್ತದೆ. ಹೊಂದದಿದ್ದರೆ ನಾಣ್ಯ ಕೆಳಗಿನ ಬಟ್ಟಲಿಗೆ ಮರಳುತ್ತದೆ.

ಅಷ್ಟರಲ್ಲಿ ನೆರೆಮನೆಯ ಪುಟ್ಟ ಬಾಲಕಿಯೊಬ್ಬಳು ಅಳತೊಡಗಿದಳು. ಎರಡು ರೂಪಾಯಿ ಹಾಕಿದವಳಿಗೆ ಒಂದೇ ಆಟ ಸಿಕ್ಕಿತ್ತು. ಯಂತ್ರ ಕೆಟ್ಟಿತೆಂದು ಹುಡುಗನು ತಿರುಪು ಬಿಚ್ಚಲಣಿಯಾದನು. ಕೆಟ್ಟಿರಲಿಲ್ಲ. ಮಾದರಿಯಾಗಿ ಅವನಿಟ್ಟದ್ದು ಅಜ್ಜಿಯ ಡಬ್ಬಿಯಲ್ಲಿದ್ದ ಹಳೆಯ ರೂಪಾಯಿ. 1992ರಿಂದ ಬಂದ ಆ ಉಕ್ಕಿನ ರೂಪಾಯಿಯ ಅಗಲ 25 ಮಿಲಿಮೀಟರ್, ತೂಕ 4.85 ಗ್ರಾಂ. 2011ರಲ್ಲಿ ಬಂದ ಎರಡು ರೂಪಾಯಿಯದೂ ಅದೇ ಉಕ್ಕು, ಅದೇ ಅಗಲ, ಅದೇ ತೂಕ! ಮೇಲೆ ಅಚ್ಚಾದ ಅಂಕಿಯನ್ನು ಯಂತ್ರ ಓದಬಲ್ಲುದೆ? 2011ರ ಒಂದು ರೂಪಾಯಿಯಾದರೋ 22 ಮಿಲಿಮೀಟರಿಗೆ ಕುಗ್ಗಿದೆ, 3.79 ಗ್ರಾಂ ತೂಗುತ್ತದೆ.

ಹುಡುಗನು ಕೂಡಲೇ ಚಿಕ್ಕ ರೂಪಾಯಿಯನ್ನು ಮಾದರಿಯಾಗಿಟ್ಟನು. ಬಾಲಕಿಗೆ ಉಳಿದ ಆಟವನ್ನೂ ಆಡಿಸಿದನು. ಈಗ ಎರಡು ರೂಪಾಯಿ ಮರಳಿ ಬರುತ್ತದೆ. ಚಲಾವಣೆಯಲ್ಲಿರುವುದಾದರೂ ಅಜ್ಜಿಯ ರೂಪಾಯಿಯೂ ಮರಳಿ ಬರುತ್ತದೆ. ಅಜ್ಜಿಗೆ ಅದೊಂದು ಕೊರಗು.

ತಾಯಿಯವರ ಪ್ರಶ್ನೆಗೆ ನಾವು ಉತ್ತರಿಸುವ ಮೊದಲೇ ಅವರೇ ದಾರಿ ಕಂಡುಕೊಂಡಿದ್ದರು. ಹತ್ತು ಚಿಕ್ಕ ರೂಪಾಯಿಗಳನ್ನು ತಟ್ಟೆಯಲ್ಲಿ ತಂದು ಮಕ್ಕಳಿಗೆ ಎರಡೆರಡು ಹಂಚಿದರು. ಸಂಜೆ ಪೆಟ್ಟಿಗೆಯ ಬೀಗ ತೆಗೆದು ಎಣಿಸಿದಾಗ ಒಂಬತ್ತಿದ್ದವು. ಹತ್ತನೆಯದು ಆ ಬಾಲಕಿಯ ಮುಷ್ಟಿಯಲ್ಲಿತ್ತು, ನಾಳೆಗೆಂದು.