ಅಟ್ಟದ ಮೇಲಣ ಸಂಗೀತ

ಚಿತ್ರಗಾರನು ಕಾಲವಾದ ಮೇಲೂ ಅವನು ಬರೆದ ಚಿತ್ರವು ಗೋಡೆಯ ಮೇಲೆ ಉಳಿಯುವುದು. ಕವಿಯು ಹೋದ ಮೇಲೂ ಅವನ ಕಾವ್ಯವು ಓಲೆಗರಿಯಲ್ಲಿ ನಿಲ್ಲುವುದು. ಸಂಗೀತಕ್ಕೆ ಮಾತ್ರ ಈ ಭಾಗ್ಯವು ಬಹು ಕಾಲ ಇರಲಿಲ್ಲ. ಹಾಡುಗಾರನು ತಂಬೂರಿಯನ್ನು ಕೆಳಗಿಟ್ಟೊಡನೆಯೇ ಅವನ ಹಾಡು ಕೇಳಿದವರ ನೆನಪಿನಲ್ಲಿ ಮಾತ್ರ ಇರುತ್ತಿತ್ತು. ಕೇಳಿದವರು ತೀರಿಕೊಂಡ ಮೇಲೆ ಅದೂ ಇಲ್ಲವಾಗುತ್ತಿತ್ತು. ಈ ಕೊರತೆಯನ್ನು ನೀಗಿದುದು ಧ್ವನಿಮುದ್ರಣವೆಂಬ ವಿದ್ಯೆ. ಆದರೆ ಮುದ್ರಿಸಿದ ಮಾತ್ರದಿಂದಲೇ ನಾದವು ಅಮರವಾಯಿತೆಂದು ತಿಳಿಯಲಾಗದು. ಅದು ಎಷ್ಟು ಕಾಲ ಬಾಳುವುದೆಂಬುದು ಅದನ್ನು ಇಟ್ಟುಕೊಂಡಿರುವ ಗೃಹಸ್ಥರ ಕೈಯಲ್ಲಿದೆ. ಆ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆಲೂರಿಗೂ ಸಕಲೇಶಪುರಕ್ಕೂ ನಡುವೆ ಹೆದ್ದಾರಿಯ ಮತ್ತು ರೈಲುದಾರಿಯ ಮೇಲಿರುವ ನಮ್ಮ ಬಾಳ್ಳುಪೇಟೆಯು ಮಲೆನಾಡಿಗೆ ಹೆಬ್ಬಾಗಿಲಿನಂತಿದೆ. ಇಲ್ಲಿ ಮಳೆ ಹಿಡಿದರೆ ಕಾಫಿಯ ತೋಟದ ಕೆಲಸವೂ ನಿಲ್ಲುವುದು, ಹೊರಗಿನ ಓಡಾಟವೂ ನಿಲ್ಲುವುದು. ಅಂತಹ ಸಂಜೆಗಳಲ್ಲಿ ಸಂಗೀತಪ್ರಿಯರು ನಾಲ್ವರು ಕೂಡಿದರೆಂದರೆ ಬಿಸಿ ಕಾಫಿಯ ಜೊತೆಗೆ ಒಂದು ಹಳೆಯ ವಾದವು ತಲೆಯೆತ್ತುವುದು. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ರೆಕಾರ್ಡು ಮೇಲೋ, ಕಚೇರಿಯಲ್ಲಿ ಯಾರೋ ಒಬ್ಬ ರಸಿಕನು ಹಿಡಿದಿಟ್ಟ ಟೇಪು ಮೇಲೋ? ಈ ವಾದದಲ್ಲಿ ಸ್ನೇಹಿತರು ಎರಡು ಪಕ್ಷವಾಗುವರು. ಎರಡರಲ್ಲಿಯೂ ಸತ್ಯಾಂಶವಿರುವುದರಿಂದ ಎರಡನ್ನೂ ವಿಚಾರಿಸುವುದು ನ್ಯಾಯ.

ರೆಕಾರ್ಡಿನ ಪಕ್ಷದವರು ಹೇಳುವುದೇನೆಂದರೆ: ಭಾರತದಲ್ಲಿ ಗ್ರಾಮೋಫೋನ್ ಮುದ್ರಣವು 1902ನೆಯ ಇಸವಿಯಲ್ಲಿ ಕಲ್ಕತ್ತೆಯಲ್ಲಿ ಮೊದಲಾಯಿತು. ಆಗ ಹಾಡಿದವರಲ್ಲಿ ಹೆಸರಾದವರು ಗೋಹರ್ ಜಾನ್. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಆಕೆಯು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಆಕೆಯ ಕೊನೆಗಾಲವು ಕಳೆದುದು ನಮ್ಮ ನಾಡಿನಲ್ಲಿಯೇ: 1928ರಲ್ಲಿ ಮೈಸೂರಿನ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿ ಕಾಲವಾದರು. ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಯುವುದು ಸುಮಾರು 3 ನಿಮಿಷದ ಹಾಡು. ಅಷ್ಟರೊಳಗೆ ರಾಗದ ಮುಖವನ್ನು ತೋರಿಸಿ, ಚೀಜನ್ನು ಹಾಡಿ, ತಾನಗಳನ್ನು ಎಸೆದು ಮುಗಿಸಬೇಕು. ಒಂದು ಮಾತೂ ಹೆಚ್ಚಿಲ್ಲದಂತೆ ಪತ್ರ ಬರೆಯುವವನ ಜಾಣ್ಮೆ ಅದರಲ್ಲಿದೆ. ಇಂತಹ ತಟ್ಟೆಯ ಮಹಿಮೆಗೆ ಸಾಕ್ಷಿಯೂ ಉಂಟು. ಗದಗಿನ ಕಡೆಯ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ರೆಕಾರ್ಡನ್ನು ಕೇಳಿ ಮರುಳಾದರು. 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೊರಟರು. ಕಡೆಗೆ ಅವರಿಗೆ ವಿದ್ಯೆಯಿತ್ತ ಕುಂದಗೋಳದ ಸವಾಯಿ ಗಂಧರ್ವರು ಅದೇ ಖಾನ್ ಸಾಹೇಬರ ಶಿಷ್ಯರಾಗಿದ್ದರು. ಮೂರು ನಿಮಿಷದ ಅರಗಿನ ತಟ್ಟೆಯು ಒಂದು ಬಾಳಿನ ದಾರಿಯನ್ನೇ ತಿರುಗಿಸಿದ ಮೇಲೆ ಅದನ್ನು ಕಿರಿದೆನ್ನಬಹುದೆ?

ಕಚೇರಿಯ ಪಕ್ಷದವರು ಇದನ್ನು ಒಪ್ಪಿಯೂ ಬೇರೊಂದು ಮಾತನ್ನು ಹೇಳುವರು. ನಮ್ಮ ಸಂಗೀತದ ಜೀವವು ಮನೋಧರ್ಮದಲ್ಲಿದೆ. ಆ ದಿನದ ಸಭೆ, ಆ ದಿನದ ಶಾರೀರ, ಪಕ್ಕವಾದ್ಯದವರ ಉತ್ಸಾಹ ಇವುಗಳಿಂದ ರಾಗವು ಬೆಳೆಯುವುದು. ಅದು ಗಡಿಯಾರವನ್ನು ನೋಡಿಕೊಂಡು ಬೆಳೆಯಲಾರದು. 1948ರಲ್ಲಿ ಅಮೆರಿಕದಲ್ಲಿ ದೀರ್ಘಕಾಲ ನುಡಿಯುವ ಎಲ್‌ಪಿ ತಟ್ಟೆ ಬಂದ ಮೇಲೆ ಒಂದು ಮುಖಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ಅವಕಾಶವಾಯಿತು. 1963ರಲ್ಲಿ ಫಿಲಿಪ್ಸ್ ಕಂಪನಿಯವರು ಕ್ಯಾಸೆಟ್ಟನ್ನು ಹೊರತಂದ ಬಳಿಕ ಧ್ವನಿಮುದ್ರಣವು ಸಾಮಾನ್ಯ ಗೃಹಸ್ಥನ ಕೈಗೂ ಬಂದಿತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಮುಖಕ್ಕೆ ನಲವತ್ತೈದು ನಿಮಿಷ. ಅದನ್ನು ತಿರುವಿಹಾಕುವಷ್ಟರಲ್ಲಿ ಆಲಾಪನೆಯ ಒಂದು ಎಳೆ ಕಳೆದುಹೋಗುವುದುಂಟು. ಕೆಮ್ಮು, ಕುರ್ಚಿಯ ಸದ್ದು, ಮಗುವಿನ ಅಳು ಇವೆಲ್ಲವೂ ಸೇರಿಕೊಳ್ಳುವುವು. ಆದರೂ ಅಂತಹ ಟೇಪಿನಲ್ಲಿ ಸಭೆಯೇ ಕುಳಿತಿರುವುದು. ನಮ್ಮ ಜಿಲ್ಲೆಯವರೇ ಆದ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದವರು. ಅಷ್ಟು ದೀರ್ಘವಾದ ಗಾಯನಜೀವನವೆಲ್ಲ ಮಾರಾಟದ ರೆಕಾರ್ಡುಗಳೊಳಗೆ ಅಡಗುವುದೆ? ಅಂತಹವರ ಹಾಡಿಕೆಯಲ್ಲಿ ಎಷ್ಟೋ ಭಾಗಕ್ಕೆ ಸಭೆಯ ಮೂಲೆಯಲ್ಲಿ ಕುಳಿತ ರಸಿಕನ ಯಂತ್ರವೇ ಆಧಾರವಾಗುವುದು.

ಈ ವಾದವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನಲ್ಲಿ 1970ರ ಸುಮಾರಿಗೆ ಬೆಳೆದ ‘ಪ್ರೋಗ್ರೆಸಿವ್ ರಾಕ್’ ಎಂಬ ಸಂಗೀತದ ಅಭಿಮಾನಿಗಳಲ್ಲಿಯೂ ಇದು ಇಂದಿಗೂ ನಡೆಯುತ್ತಿದೆ. ಕಿಂಗ್ ಕ್ರಿಮ್ಸನ್ ಎಂಬ ತಂಡದವರು 1972ರಲ್ಲಿ ‘ಅರ್ಥ್‌ಬೌಂಡ್’ ಎಂಬ ತಟ್ಟೆಯನ್ನು ಹೊರಡಿಸಿದರು. ಅಮೆರಿಕದ ಕಚೇರಿಗಳಲ್ಲಿ ಸಾಮಾನ್ಯವಾದ ಕ್ಯಾಸೆಟ್ಟಿನ ಮೇಲೆ ಹಿಡಿದುದನ್ನೇ ಅಚ್ಚುಮಾಡಿದ ತಟ್ಟೆಯದು. ಧ್ವನಿಯು ಒರಟಾಗಿರುವುದೆಂದು ಅಮೆರಿಕದ ಕಂಪನಿಯವರು ಆಗ ಅದನ್ನು ಪ್ರಕಟಿಸಲೇ ಇಲ್ಲ. ಕಿವಿಗೆ ಕರ್ಕಶವೆಂದು ತಳ್ಳಿದವರೂ ಉಂಟು. ತಂಡದ ನಿಜವಾದ ಕಾವು ಇದರಲ್ಲಿದೆಯೆಂದು ಎತ್ತಿಹಿಡಿದವರೂ ಉಂಟು. ರಾಗ ಬೇರೆ, ದೇಶ ಬೇರೆ. ರಸಿಕನ ಹಂಬಲವು ಮಾತ್ರ ಒಂದೇ.

ಆದರೆ ಅಭಿಪ್ರಾಯವನ್ನು ಹೇಳುವ ಮೊದಲು ಒಂದು ಎಚ್ಚರಿಕೆಯು ಅವಶ್ಯವಾದುದು. ಹಾಡುಗಾರನನ್ನು ಅಳೆಯುವ ಮುಂಚೆ ಯಂತ್ರವನ್ನು ಅಳೆಯಬೇಕು. ಹಳೆಯ ತಟ್ಟೆಗಳೆಲ್ಲವೂ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲಿ ಮುದ್ರಿತವಾದುವಲ್ಲ. ನಿಧಾನವಾಗಿ ಮುದ್ರಿಸಿದುದನ್ನು ವೇಗವಾಗಿ ನುಡಿಸಿದರೆ ಶ್ರುತಿಯು ಏರುವುದು, ತಾನವು ಚುರುಕಾಗುವುದು. ಕೇಳಿದವರು “ಎಂತಹ ಕಂಠ! ಎಂತಹ ವೇಗ!” ಎಂದು ಬೆರಗಾಗುವರು. ಕ್ಯಾಸೆಟ್ಟಿನಲ್ಲಿಯೂ ಇದೇ ಮೋಸವಿದೆ. ಬ್ಯಾಟರಿ ಕುಗ್ಗಿದ ಯಂತ್ರವು ಮುದ್ರಿಸುವಾಗ ಟೇಪನ್ನು ನಿಧಾನವಾಗಿ ಎಳೆಯುವುದು. ಸರಿಯಾದ ಯಂತ್ರದಲ್ಲಿ ನುಡಿಸಿದಾಗ ಅದೇ ಹಾಡು ಏರಿದ ಶ್ರುತಿಯಲ್ಲಿ ಕೇಳುವುದು. ಹಾಗೆಂದು ಕಂಠದ ಬದಲಾವಣೆಯೆಲ್ಲವೂ ಯಂತ್ರದ ದೋಷವಲ್ಲ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಕೊಟ್ಟ ರೆಕಾರ್ಡುಗಳಲ್ಲಿ ಕಂಠವು ತೆಳುವಾಗಿ ಮೇಲುಸ್ಥಾಯಿಯಲ್ಲಿದೆ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅದು ಗಂಡುದನಿಯ ಗಾಂಭೀರ್ಯವನ್ನು ತಾಳಿತು. ಲೋಕವು ತಲೆಬಾಗಿದುದು ಆ ದನಿಗೇ. ಎರಡೂ ಮುದ್ರಿಕೆಗಳು ಉಳಿದಿರುವುದರಿಂದಲೇ ಈ ಮಾತನ್ನು ನಾವು ಕಿವಿಯಿಂದ ತಿಳಿಯಬಲ್ಲೆವು.

ಅಪರೂಪದ ಮುದ್ರಿಕೆಯನ್ನು ರಸಿಕನೊಬ್ಬನು ಹೇಗೆ ಉಳಿಸಬಲ್ಲನೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1940ರಲ್ಲಿ ಮೈಸೂರಿನ ಸಿಂಹಾಸನವನ್ನೇರಿದ ಜಯಚಾಮರಾಜೇಂದ್ರ ಒಡೆಯರು ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು; ಪಾಶ್ಚಾತ್ಯ ಸಂಗೀತದಲ್ಲಿಯೂ ಪಿಯಾನೋವಿನ ಅಭ್ಯಾಸಿಗಳು. ಅವರ ರೆಕಾರ್ಡುಗಳ ಸಂಗ್ರಹವು ಸುಮಾರು 20,000ವೆಂದು ಎಣಿಕೆಯಾಗಿತ್ತು. ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯದ ಸಂಗೀತರಚಕರು ಆಗ ಲಂಡನ್ನಿನಲ್ಲಿ ವೃದ್ಧರಾಗಿ, ರೋಗಿಗಳಾಗಿ, ಲೋಕದ ಅನಾದರಕ್ಕೆ ಗುರಿಯಾಗಿ ಇದ್ದರು. ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವುದಕ್ಕಾಗಿ ಮಹಾರಾಜರು ಹಣವನ್ನು ಕೊಟ್ಟು, ಮೆಡ್ಟ್ನರ್ ಸಂಘವನ್ನು ಏರ್ಪಡಿಸಿದರು. ಮೆಡ್ಟ್ನರ್ 1951ರಲ್ಲಿ ತೀರಿಕೊಂಡರು. ಆ ಕೆಲವು ವರ್ಷಗಳಲ್ಲಿ ಮುದ್ರಣವು ನಡೆಯದಿದ್ದರೆ ತಮ್ಮ ಮೂರು ಕನ್ಸರ್ಟೋಗಳನ್ನು ಅವರೇ ನುಡಿಸಿದ ಬಗೆಯು ನಮಗೆ ದೊರೆಯುತ್ತಿರಲಿಲ್ಲ. ಮೂರನೆಯ ಕನ್ಸರ್ಟೋವನ್ನು ಅವರು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ.

ಮತ್ತೊಂದು ಸಂಗತಿಯು ಇನ್ನೂ ಮನನೀಯವಾದುದು. ಜರ್ಮನಿಯ ರಿಚರ್ಡ್ ಸ್ಟ್ರೌಸ್ 1949ರಲ್ಲಿ ಮರಣಹೊಂದಿದರು. ಅವರ ‘ನಾಲ್ಕು ಕಡೆಯ ಗೀತೆಗಳು’ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟುವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಮಹಾರಾಜರಿಗೆ ಹೋಗಲು ಅನುಕೂಲವಿರಲಿಲ್ಲ. ಕಚೇರಿಯು ನಡೆದು ಅದು ತಮ್ಮ ಸಂಗ್ರಹಕ್ಕಾಗಿ ಮುದ್ರಿತವಾಗಲೆಂದು ಅವರು 4,800 ಡಾಲರುಗಳ ಹೊಣೆ ಹೊತ್ತರು. ಮುದ್ರಿಕೆಯು ಹಡಗನ್ನೇರಿ ಮೈಸೂರಿಗೆ ಬಂದಿತು. ಆ ಕಚೇರಿಯನ್ನು ಹಿಡಿದ ತಟ್ಟೆಗಳು ಮೃದುವಾದ ಲೇಪನದವು. ಮುಳ್ಳು ಹರಿದಷ್ಟು ಸಲವೂ ಇಂತಹ ತಟ್ಟೆ ಸ್ವಲ್ಪ ಸ್ವಲ್ಪವಾಗಿ ಸವೆಯುವುದು. ಎಲ್‌ಪಿಯಾಗಿ ಹೊರಬರುವ ವೇಳೆಗೆ ಅವು ಬಹಳ ಸವೆದಿದ್ದುವು, ಕೇಳಿದವರು ನಿರಾಶರಾದರು. ಮುಂದೆ 2007ರಲ್ಲಿ ಹೊಸ ಯಂತ್ರವಿದ್ಯೆಯಿಂದ ಆ ಧ್ವನಿಯನ್ನು ತಕ್ಕಮಟ್ಟಿಗೆ ಶುದ್ಧಿಗೊಳಿಸಿ ಪ್ರಕಟಿಸಿದರು. ಇದರಿಂದ ಕಲಿಯಬೇಕಾದುದು ಎರಡು ಪಾಠ. ರಸಿಕನೊಬ್ಬನ ಆಸೆಯು ಮಹಾಕೃತಿಯೊಂದರ ಮೊದಲ ಹಾಡಿಕೆಯನ್ನು ಉಳಿಸಿತು. ಆದರೆ ಪ್ರತಿಯಿಲ್ಲದ ಮುದ್ರಿಕೆಯನ್ನು ಕಾಲವಷ್ಟೇ ಅಲ್ಲ, ನಮ್ಮ ಪ್ರೀತಿಯೂ ಸವೆಸುವುದು.

ಅರಮನೆಯ ಸಂಗ್ರಹಕ್ಕೆ ಅಂತಹ ಅಪಾಯವಾದರೆ ನಮ್ಮ ಮಲೆನಾಡಿನ ಮನೆಗಳ ಪೆಟ್ಟಿಗೆಗಳ ಗತಿಯೇನು? ಇಲ್ಲಿ ಸವೆತಕ್ಕಿಂತಲೂ ದೊಡ್ಡ ಶತ್ರು ಥಂಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಹಿಡಿಯುವ ಬೂಷ್ಟು ಟೇಪಿನ ಸುರುಳಿಯನ್ನೂ ಬಿಡುವುದಿಲ್ಲ. ಕೆಲವು ಹಳೆಯ ಟೇಪುಗಳಲ್ಲಿ ಅಯಸ್ಕಾಂತದ ಪುಡಿಯನ್ನು ಹಿಡಿದಿರುವ ಅಂಟು ತೇವವನ್ನು ಹೀರಿ ಜಿಗುಟಾಗುವುದು. ನುಡಿಸಹೋದರೆ ಪುಡಿಯು ಯಂತ್ರಕ್ಕೆ ಮೆತ್ತಿಕೊಂಡು ಹಾಡೇ ಕಿತ್ತುಬರುವುದು. ಬೆಚ್ಚಗಿರಲೆಂದು ಒಲೆಯ ಮೇಲಣ ಅಟ್ಟದಲ್ಲಿ ಇಡುವುದು ನಮ್ಮ ಹಿರಿಯರ ವಾಡಿಕೆ. ಅಡಕೆಗೂ ಬೀಜಕ್ಕೂ ಅದು ಒಳ್ಳೆಯದೇ. ಆದರೆ ಎಲ್‌ಪಿ ತಟ್ಟೆಯು ಶಾಖಕ್ಕೆ ಸೊಟ್ಟಗಾಗುವುದು. ಹೊಗೆಯ ಜಿಡ್ಡು ಟೇಪನ್ನು ಕೆಡಿಸುವುದು.

ಆದುದರಿಂದ ಗೃಹಸ್ಥರು ಮಾಡತಕ್ಕ ಕೆಲಸಗಳು ಇವು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಬೇಕು. ಅರಗಿನ ತಟ್ಟೆಯನ್ನು ಎಂದಿಗೂ ಸ್ಪಿರಿಟ್ಟಿನಿಂದ ಒರೆಸಬಾರದು. ಅರಗು ಅದರಲ್ಲಿ ಕರಗುವುದು. ಬೂಷ್ಟು ಹಿಡಿದ ಟೇಪನ್ನು ಆತುರದಿಂದ ಯಂತ್ರಕ್ಕೆ ಹಾಕಬಾರದು. ಹಾಕಿದರೆ ಆ ಟೇಪೂ ಕೆಡುವುದು, ಮುಂದೆ ಹಾಕುವ ಟೇಪಿಗೂ ಬೂಷ್ಟು ಹತ್ತುವುದು. ಒಣಗಿದ ನೆಳಲಿನಲ್ಲಿರಿಸಿ, ತಿಳಿದವರ ಕೈಗೆ ಕೊಡುವುದು ಕ್ಷೇಮ. ಕ್ಯಾಸೆಟ್ಟಿನ ಹಿಂಬದಿಯ ಎರಡು ಸಣ್ಣ ನಾಲಿಗೆಗಳನ್ನು ಮುರಿದರೆ ಅದರ ಮೇಲೆ ಮತ್ತೊಂದು ಹಾಡು ಅಚ್ಚಾಗಿ ಹಳೆಯದು ಅಳಿದುಹೋಗುವ ಭಯವಿರದು. ಸ್ಪೀಕರಿನೊಳಗೆ ಅಯಸ್ಕಾಂತವಿರುವುದರಿಂದ ಟೇಪುಗಳನ್ನು ಅದರ ಮೇಲಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನುಡಿಯುವ ಸ್ಥಿತಿಯಲ್ಲಿರುವಾಗಲೇ ಅದನ್ನು ಕಂಪ್ಯೂಟರಿಗೆ ಇಳಿಸಿ, ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿ ಇರಿಸಬೇಕು.

ಇದರೊಡನೆ ಒಂದು ತುಂಡು ಕಾಗದವೂ ಬೇಕು. ಹಾಡಿದವರು ಯಾರು, ಪಿಟೀಲು ಯಾರದು, ಮೃದಂಗ ಯಾರದು, ಯಾವ ಊರು, ಯಾವ ದಿನ ಎಂಬುದನ್ನು ಬಲ್ಲವರು ಬದುಕಿರುವಾಗಲೇ ಬರೆದಿಡತಕ್ಕದ್ದು. ಗೋಹರ್ ಜಾನ್ ತಮ್ಮ ಹೆಸರನ್ನು ತಾವೇ ಹೇಳಿ ಹೋದರು. ಕಚೇರಿಯ ಟೇಪು ತನ್ನ ಹೆಸರನ್ನು ಹೇಳಲಾರದು. ಹೆಸರಿಲ್ಲದ ಟೇಪು ಅನಾಥ ಶಿಶುವಿನಂತೆ. ಮೊಮ್ಮಕ್ಕಳು ಅದನ್ನು ಕಸದೊಡನೆ ಹೊರಗೆ ಹಾಕಿದರೆ ಅವರನ್ನು ದೂರುವಂತಿಲ್ಲ.

ಕಡೆಯದಾಗಿ ಹಂಚಿಕೊಳ್ಳುವ ವಿಷಯ. ಅಪರೂಪದ ಮುದ್ರಿಕೆಯುಳ್ಳವರಲ್ಲಿ ಕೆಲವರು ಅದನ್ನು ನಿಧಿಯಂತೆ ಬಚ್ಚಿಡುವರು. ತನ್ನಲ್ಲಿರುವುದು ಇನ್ನೊಬ್ಬನಲ್ಲಿಲ್ಲವೆಂಬ ಸಂತೋಷವೂ ಮನುಷ್ಯಸ್ವಭಾವವೇ. ಆದರೆ ಒಬ್ಬನಲ್ಲಿಯೇ ಇರುವ ಹಾಡು ಒಂದೇ ಮಳೆಗಾಲದ ಅಂತರದಲ್ಲಿರುವುದು. ಹಾಡಿದವರ ಮನೆಯವರಿಗೆ ಮೊದಲ ಪ್ರತಿಯನ್ನು ಕೊಡುವುದು ಧರ್ಮ. ಅವರ ಒಪ್ಪಿಗೆಯಿಲ್ಲದೆ ಮಾರಿ ಹಣಮಾಡುವುದು ಅಧರ್ಮ. ಅದರಾಚೆಗೆ, ಕೇಳಬಲ್ಲ ಸ್ನೇಹಿತನಿಗೆ ಕೇಳಿಸಿ, ಅವನೊಡನೆ ವಾದಿಸಿ, ಅವನ ಮನೆಯಲ್ಲಿಯೂ ಒಂದು ಪ್ರತಿ ಇರುವಂತೆ ಮಾಡುವುದೇ ಉಳಿಸುವ ಮಾರ್ಗ. ಯಾವುದು ಮೇಲೆಂಬ ವಾದವು ಎಂದಿಗೂ ತೀರದಿರಲಿ. ವಾದಿಸುವುದಕ್ಕೆ ಹಾಡು ಉಳಿದಿರಲಿ. ಈ ಸಲ ಮಳೆ ಹಿಡಿಯುವುದಕ್ಕೆ ಮುಂಚೆ ವಾಚಕರು ತಮ್ಮ ಮನೆಯ ಅಟ್ಟದ ಮೇಲಣ ಪೆಟ್ಟಿಗೆಯನ್ನು ಒಮ್ಮೆ ಇಳಿಸಿ ನೋಡುವರಾಗಿ ನಂಬಿದ್ದೇವೆ.